ಹಳಿ ಪಕ್ಕದಲ್ಲಿದ್ದರೂ ಲಾರಿ ಹತ್ತುವ ಕಡಲೆ

ರೋಣ ತಾಲ್ಲೂಕಿನ ಹೊಳೆಆಲೂರಿಗೆ ರೈಲು ಬಂದದ್ದು 1880ರ ದಶಕದಲ್ಲಿ. 1876–78ರ ಭೀಕರ ಬರದಲ್ಲಿ ಕಾಳು ಒಂದು ಕಡೆ, ಹಸಿದ ಜನ ಇನ್ನೊಂದು ಕಡೆ ಉಳಿದುಬಿಟ್ಟಿದ್ದರು. ಆ ಅನುಭವದ ಬೆನ್ನಿಗೇ ಸದರ್ನ್ ಮರಾಠಾ ರೈಲ್ವೆ ಹೋಟಗಿಯಿಂದ ವಿಜಯಪುರ, ಬಾದಾಮಿ ಹಾಯ್ದು ಗದಗಿನವರೆಗೆ ಮೀಟರ್ ಗೇಜ್ ಹಳಿ ಹಾಕಿತು. ಅದೇ ದಾರಿ ಇವತ್ತು ಬ್ರಾಡ್‌ಗೇಜ್ ಆಗಿದೆ, ವಿದ್ಯುತ್ ತಂತಿ ಬಂದಿದೆ, ಜೋಡಿಹಳಿಯ ಕೆಲಸವೂ ನಡೆದಿದೆ. ಪಕ್ಕದ ನರಗುಂದಕ್ಕೂ ಗಜೇಂದ್ರಗಡಕ್ಕೂ ಮಾತ್ರ ಇಂದಿಗೂ ರೈಲಿಲ್ಲ. ಈಗ ಸುಗ್ಗಿಯಲ್ಲಿ ಈ ಮೂರೂ ತಾಲ್ಲೂಕಿನ ಮಾಲು ಹೇಗೆ ಹೊರಡುತ್ತದೆ ನೋಡಿ. ನರಗುಂದದ ಗೋವಿನಜೋಳ, ಗಜೇಂದ್ರಗಡದ ಈರುಳ್ಳಿ ಲಾರಿಯ ಮೇಲೆ ಹೊರಡುತ್ತವೆ. ಬೇರೆ ದಾರಿಯೇ ಇಲ್ಲ, ಸರಿ. ಆದರೆ ನಿಲ್ದಾಣ ಪಕ್ಕದಲ್ಲೇ ಇರುವ ರೋಣದ ಹಳ್ಳಿಗಳ ಕಡಲೆ, ಹೆಸರು, ಹತ್ತಿಯೂ ಲಾರಿಯನ್ನೇ ಹತ್ತುತ್ತವೆ. ರೈಲು ಇಲ್ಲದ್ದರಿಂದಲೇ ನಮ್ಮ ಮಾಲು ಲಾರಿಗೆ ಹೋಗುತ್ತಿದೆ ಎಂಬ ಮಾತನ್ನು ಈ ಭಾಗದಲ್ಲಿ ಬಹಳ ಸಲ ಕೇಳುತ್ತೇವೆ. ಅದು ನಿಜವಾಗಿದ್ದರೆ ರೋಣದ ಕಥೆ ಬೇರೆಯೇ ಇರಬೇಕಿತ್ತು. ನನ್ನ ವಾದ ಇಷ್ಟು: ಇಲ್ಲಿ ಹಳಿಗಿಂತ ಹೆಚ್ಚಾಗಿ ಕೊರತೆ ಇರುವುದು ಹಳಿಯ ತನಕ ಮಾಲು ಒಟ್ಟುಗೂಡುವ ವ್ಯವಸ್ಥೆಯದು. ಅದನ್ನು ಕಟ್ಟದೆ ಹೊಸ ಹಳಿ ಹಾಕಿದರೂ ಸುಗ್ಗಿಯಲ್ಲಿ ಲಾರಿಗಳ ಸಾಲು ಹೀಗೆಯೇ ನಿಂತಿರುತ್ತದೆ.

ಒಂದು ಲೆಕ್ಕ ಹಾಕೋಣ. ಮುಚ್ಚಿದ ವ್ಯಾಗನ್ನುಗಳ ಒಂದು ಪೂರ್ತಿ ರೇಕು ಎಂದರೆ ಸುಮಾರು 2,600 ಟನ್. ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ 52,000 ಚೀಲ. ಹತ್ತು ಚಕ್ರದ ಲಾರಿಗೆ ಹದಿನೆಂಟು ಟನ್ ಹಿಡಿದರೂ ಸುಮಾರು 145 ಲಾರಿಯ ಮಾಲು. ಇತ್ತ, ಐದು ಎಕರೆ ಎರಿ ಹೊಲದಲ್ಲಿ ಮಳೆ ನಂಬಿ ಕಡಲೆ ಹಾಕಿದ ರೈತನಿಗೆ ಎಕರೆಗೆ ಐದು ಕ್ವಿಂಟಲ್ ಬಂದರೆ ಒಟ್ಟು ಇಪ್ಪತ್ತೈದು ಕ್ವಿಂಟಲ್, ಅಂದರೆ ಎರಡೂವರೆ ಟನ್. ಒಂದು ರೇಕು ತುಂಬಲು ಅಂಥ ಸಾವಿರಕ್ಕೂ ಮಿಕ್ಕಿ ರೈತರ ಫಸಲು ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ಒಂದೇ ಊರಿಗೆ ಹೋಗುವಂತೆ ಬಂದು ನಿಲ್ಲಬೇಕು. ಇಪ್ಪತ್ತು ವ್ಯಾಗನ್ನಿನ ಮಿನಿ ರೇಕು ಕೇಳಿದರೂ ಐನೂರು ರೈತರು ಬೇಕು. ಲಾರಿಗಾದರೆ ಏಳೆಂಟು ಮನೆಯವರು ಕೂಡಿದರೆ ಸಾಕು. ಹಿಂದೆ ರೈಲ್ವೆಯೂ ಬಿಡಿ ಮಾಲು, ಒಂದೆರಡು ವ್ಯಾಗನ್ ಮಾಲು ಬುಕ್ ಮಾಡಿಕೊಳ್ಳುತ್ತಿತ್ತು. 1980ರ ದಶಕದಿಂದ ಅದನ್ನು ಹಂತಹಂತವಾಗಿ ಕೈಬಿಟ್ಟು ಇಡೀ ರೇಕಿನ ವ್ಯವಹಾರಕ್ಕೆ ಒಗ್ಗಿಕೊಂಡಿತು. ಕಲ್ಲಿದ್ದಲಿಗೆ, ಅದಿರಿಗೆ, ಸಿಮೆಂಟಿಗೆ ಅದು ಸರಿಹೋಯಿತು. ಇವತ್ತು ದೇಶದ ರೈಲುಗಳು ಸಾಗಿಸುವ ಸರಕಿನಲ್ಲಿ ಸುಮಾರು ಅರ್ಧದಷ್ಟು ಕಲ್ಲಿದ್ದಲೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸರಕಿನ ಬಹುಪಾಲು ಹೊರುತ್ತಿದ್ದ ರೈಲು ಈಗ ಕಾಲು ಭಾಗದ ಆಸುಪಾಸಿಗೆ ಇಳಿದಿದೆ. ಈ ಇಳಿಕೆಯಲ್ಲಿ ಹೆದ್ದಾರಿಗಳ ಪಾಲು ದೊಡ್ಡದು, ನಿಜ. ಆದರೆ ಸಣ್ಣ ಮಾಲಿನವನಿಗೆ ರೈಲು ತಾನೇ ಬಾಗಿಲು ಮುಚ್ಚಿದ್ದೂ ಅಷ್ಟೇ ದೊಡ್ಡ ಕಾರಣ.

ಇನ್ನು ಚೀಲದ ಹಾದಿಯನ್ನು ಹತ್ತಿರದಿಂದ ನೋಡಿ. ಗೋದಾಮಿನಲ್ಲಿ ಲಾರಿ ಏರಿದ ಕಡಲೆ ಚೀಲ ದೂರದ ಬೇಳೆ ಮಿಲ್ಲಿನ ಬಾಗಿಲಲ್ಲಿ ಇಳಿಯುತ್ತದೆ. ಒಂದು ಏರಿಕೆ, ಒಂದು ಇಳಿಕೆ, ಎರಡು ಹಮಾಲಿ. ಅದೇ ಚೀಲ ರೈಲಿನಲ್ಲಿ ಹೋಗಬೇಕಾದರೆ ಗೋದಾಮಿನಲ್ಲಿ ಲಾರಿಗೆ ಏರಬೇಕು, ಗೂಡ್ಸ್ ಶೆಡ್ಡಿನ ಕಟ್ಟೆಗೆ ಇಳಿಯಬೇಕು, ಅಲ್ಲಿಂದ ವ್ಯಾಗನ್ನಿಗೆ ಏರಬೇಕು. ಆ ಕಡೆ ಮತ್ತೆ ಕಟ್ಟೆಗೆ ಇಳಿದು, ಲಾರಿಗೆ ಏರಿ, ಮಿಲ್ಲಿನಲ್ಲಿ ಇಳಿಯಬೇಕು. ಆರು ಸಲ ಬೆನ್ನು ಬದಲಾಗುತ್ತದೆ. ಪ್ರತಿ ಸಲ ಕೊಕ್ಕೆ ಚುಚ್ಚಿ ಚೀಲ ಹರಿಯುತ್ತದೆ, ನಾಲ್ಕು ಕಾಳು ಸೋರುತ್ತವೆ, ಹಮಾಲಿ ಏರುತ್ತದೆ. ವ್ಯಾಗನ್ ಬಂದು ನಿಂತ ಗಳಿಗೆಯಿಂದ ಗಡಿಯಾರವೂ ಓಡಲು ಶುರು: ಕೊಟ್ಟ ಗಂಟೆಗಳೊಳಗೆ ತುಂಬಿ ಮುಗಿಸದಿದ್ದರೆ ಡೆಮರೇಜ್, ಕಟ್ಟೆಯ ಮೇಲೆ ಮಾಲು ಉಳಿದರೆ ವಾರ್ಫೇಜ್. ರೇಕು ಬರುವುದು ನಡುರಾತ್ರಿಯಾಗಬಹುದು, ಮಳೆಯ ಹೊತ್ತಾಗಬಹುದು. ಐವತ್ತು ಸಾವಿರ ಚೀಲಕ್ಕೆ ನೂರಾರು ಹಮಾಲರು, ತಾಡಪಾಲು, ಬೆಳಕು, ಕುಡಿಯುವ ನೀರು, ಲಾರಿ ತಿರುಗುವಷ್ಟು ಗಟ್ಟಿ ನೆಲ ಇಷ್ಟೂ ಬೇಕು. ಎರಿ ಮಣ್ಣಿನ ಸೀಮೆಯಲ್ಲಿ ಒಂದು ಹದ ಮಳೆ ಬಿದ್ದರೆ ಕಾಂಕ್ರೀಟ್ ಹಾಕದ ಅಂಗಳದಲ್ಲಿ ತುಂಬಿದ ಲಾರಿ ಕದಲುವುದಿಲ್ಲ. ರೈಲಿನ ಖರ್ಚು ಇರುವುದು ಈ ಎರಡು ತುದಿಗಳಲ್ಲಿ. ನಡುವಿನ ಓಟ ಮಾತ್ರ ಬಲು ಅಗ್ಗ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಿಕ್ಕಾಟ ಕಡಿಮೆ, ಟನ್ನಿಗೆ ಬೇಕಾಗುವ ಇಂಧನವೂ ಕಡಿಮೆ. ಹಾಗಾಗಿ ದೂರ ಹೆಚ್ಚಿದಷ್ಟೂ ರೈಲು ಗೆಲ್ಲುತ್ತದೆ, ಹತ್ತಿರಕ್ಕೆ ಸೋಲುತ್ತದೆ. ರೋಣದಿಂದ ಗದಗ ಎಪಿಎಂಸಿಗೆ ರೈಲು ಕೇಳುವುದರಲ್ಲಿ ಅರ್ಥವಿಲ್ಲ. ಸಾವಿರ ಕಿಲೋಮೀಟರ್ ಆಚೆಗಿನ ಬೇಳೆ ಮಿಲ್ಲಿಗೆ ಹೋಗುವ ಕಡಲೆಗೆ ಕೇಳಬೇಕು.

ಹಳಿಯ ತನಕ ಮಾಲು ಒಟ್ಟುಗೂಡಬೇಕು ಎಂಬುದನ್ನೇ ಈ ಸೀಮೆಯ ಚರಿತ್ರೆಯೂ ಹೇಳುತ್ತದೆ. ರೈಲು ಬರುವ ಮೊದಲು ಧಾರವಾಡ ಜಿಲ್ಲೆಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು ಬಿದ್ದಿತ್ತು. 1861ರಿಂದ ನಾಲ್ಕು ವರ್ಷ ಅಮೆರಿಕದ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಆಗಲೂ ಹೊತ್ತದ್ದು ಎತ್ತುಗಳೇ. 1880ರ ದಶಕ ಮುಗಿಯುವಷ್ಟರಲ್ಲಿ ಗದಗ, ಹುಬ್ಬಳ್ಳಿಯ ಹಳಿ ಮರ್ಮಗೋವಾ ಬಂದರಿಗೆ ಕೂಡಿತು, ಕುಮಟಾದ ಹತ್ತಿ ವ್ಯಾಪಾರ ಕಳೆಗುಂದಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಹಳ್ಳಿಯ ಸಡಿಲ ಅರಳೆ ನೇರವಾಗಿ ವ್ಯಾಗನ್ ಹತ್ತಲಿಲ್ಲ. ನಿಲ್ದಾಣವಿದ್ದ ಗದಗಿನಲ್ಲಿ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಬೆಳೆದವು. ಸಾವಿರ ಹೊಲಗಳ ಹತ್ತಿ ಅಲ್ಲಿ ಒಂದಾಗಿ, ಗಟ್ಟಿ ಬೇಲುಗಳಾಗಿ ರೈಲಿಗೆ ತಕ್ಕ ಮಾಲಾಯಿತು. ಆಮೇಲೆ ರೈತರೂ ಆ ಕೆಲಸಕ್ಕೆ ಕೈಹಾಕಿದರು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟಕ್ಕೇ ಸಹಕಾರ ಸಂಘ ಬಂತು. ಸಣ್ಣ ಸಣ್ಣ ರಾಶಿಗಳನ್ನು ಒಂದು ದೊಡ್ಡ ರಾಶಿ ಮಾಡುವ ವಿದ್ಯೆ ಈ ನೆಲಕ್ಕೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ತೂಕವಿದೆ. ಮೊದಲನೆಯದು, ರೈಲು ನಿಧಾನ, ಮಾಲು ಕೆಡುತ್ತದೆ ಎಂಬುದು. ಈರುಳ್ಳಿಯ ವಿಷಯದಲ್ಲಿ ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಗಜೇಂದ್ರಗಡದ ಕಡೆ ಸಂಜೆ ತುಂಬಿದ ಈರುಳ್ಳಿ ಲಾರಿ ರಾತ್ರಿಯೆಲ್ಲ ಓಡಿ ಬೆಳಗಿನ ಹರಾಜಿನ ಹೊತ್ತಿಗೆ ಯಶವಂತಪುರದಲ್ಲಿರಬಲ್ಲದು. ಅಲ್ಲಿ ಒಂದು ದಿನದಲ್ಲಿ ದರ ಎಷ್ಟು ಬೀಳಬಹುದೆಂದು ಬೆಳೆಗಾರನಿಗೆ ಗೊತ್ತು. ಸರಕು ರೈಲಿನ ಸರಾಸರಿ ವೇಗ ದಶಕಗಳ ಕಾಲ ಗಂಟೆಗೆ 25 ಕಿಲೋಮೀಟರ್ ಆಸುಪಾಸಿನಲ್ಲೇ ನಿಂತಿತ್ತು. ಒಂಟಿ ಹಳಿಯಲ್ಲಿ ಪ್ರಯಾಣಿಕರ ಗಾಡಿಗೆ ದಾರಿ ಬಿಟ್ಟು ಗಂಟೆಗಟ್ಟಲೆ ಕಾಯುವುದೇ ಅದರ ಹಣೆಬರಹವಾಗಿತ್ತು. ಜೋಡಿಹಳಿಯಿಂದ ಆ ಕಾಯುವಿಕೆ ತಗ್ಗುತ್ತದೆ, ನಿಜ, ಆದರೂ ಹಸಿ ಈರುಳ್ಳಿಯನ್ನು ಲಾರಿಯಿಂದ ಕಸಿಯುವ ಅಗತ್ಯ ಯಾರಿಗೂ ಇಲ್ಲ. ಕಡಲೆ, ಹೆಸರು, ಗೋವಿನಜೋಳ, ಹತ್ತಿ ಬೇಲು ಎರಡು ದಿನ ತಡವಾದರೆ ಕೆಡುವುದಿಲ್ಲ. ವಾದ ಇರುವುದು ಅವುಗಳ ಬಗ್ಗೆ.

ಎರಡನೆಯ ಮಾತು ಲಾರಿ ನಂಬಿದ ಮನೆಗಳದ್ದು. ಸಾಲ ಮಾಡಿ ಗಾಡಿ ತಂದವನು ಕಂತು ಕಟ್ಟುವುದು ಬಾಡಿಗೆಯಿಂದಲೇ; ಅದನ್ನು ರೈಲು ಕಸಿದರೆ ಗತಿಯೇನು? ಈ ಪ್ರಶ್ನೆಯನ್ನು ತಳ್ಳಿಹಾಕುವವರು ನನಗೆ ಹಿಡಿಸುವುದಿಲ್ಲ. ಆದರೆ ದೂರದ ಬಾಡಿಗೆಯ ಒಳಗನ್ನೂ ನೋಡಬೇಕು. ಹೋಗುವಾಗ ತುಂಬಿದ ಗಾಡಿ ವಾಪಸ್ ಲೋಡಿಗಾಗಿ ಪರಊರಿನಲ್ಲಿ ಮೂರು ನಾಲ್ಕು ದಿನ ಕಾಯುತ್ತದೆ, ಕೊನೆಗೆ ಡೀಸೆಲ್ ಖರ್ಚಾದರೂ ಹುಟ್ಟಲಿ ಎಂದು ಸಿಕ್ಕ ದರಕ್ಕೆ ಒಪ್ಪಿಕೊಳ್ಳುತ್ತದೆ. ಹುಬ್ಬಳ್ಳಿ–ವಿಜಯಪುರ ನಡುವೆ ನರಗುಂದದ ಮೇಲೆ ಹಾಯುವ 52ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಇಂಥ ಗಾಡಿಗಳು ಎಷ್ಟೋ. ಒಂದು ರೇಕು ತುಂಬಲು 145 ಲಾರಿ ಲೋಡು ಬೇಕು ಎಂದೆನಲ್ಲ, ಅಷ್ಟೂ ಲೋಡು ಹಳ್ಳಿಯಿಂದ ನಿಲ್ದಾಣದ ತನಕ ಲಾರಿಯ ಮೇಲೆಯೇ ಬರಬೇಕು. ಒಂದೇ ಗಾಡಿ ದಿನಕ್ಕೆ ಎರಡು ಮೂರು ಟ್ರಿಪ್ ಹೊಡೆದು, ಡ್ರೈವರ್ ರಾತ್ರಿ ಮನೆಯಲ್ಲಿ ಮಲಗುವ ದುಡಿಮೆ ಅದು. ಎರಡನ್ನೂ ಕೂಡಿಸಿದ ಪ್ರಯೋಗ ನಮ್ಮ ರಾಜ್ಯದಲ್ಲೇ ಆಗಿದೆ. ಕೊಂಕಣ ರೈಲ್ವೆ ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್ನುಗಳ ಮೇಲೆ ಹೊತ್ತು ಸುರತ್ಕಲ್ ತನಕ ತಂದಿತು. 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಹತ್ತಿರದ ಬಾಳೆಗೆ ಅಂಥದೇ ರೋ-ರೋ ರೈಲು ಹೊರಟಿತು. ಅದರ ದಾರಿ ಗುಂತಕಲ್, ರಾಯಚೂರಿನ ಮೇಲೆ ಇತ್ತು, ಗದಗಿನ ಮೇಲಲ್ಲ.

ಮೂರನೆಯ ಮಾತು ಹೊಸ ಹಳಿಯದು: ನರಗುಂದ, ಗಜೇಂದ್ರಗಡಕ್ಕೆ ರೈಲು ಬರಲಿ, ಉಳಿದದ್ದು ತಾನೇ ಆಗುತ್ತದೆ. ರೈಲು ಬರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಓದುವ ಮಕ್ಕಳಿಗೆ, ಆಸ್ಪತ್ರೆಗೆ ಹೋಗುವವರಿಗೆ, ದುಡಿಯಲು ಊರು ಬಿಡುವವರಿಗೆ ಅದು ಬೇಕೇ ಬೇಕು. ಆದರೆ 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿ ತನಕ ಪ್ರಯಾಣಿಕರ ರೈಲು ಓಡಲು 2025 ಬರಬೇಕಾಯಿತು. ಅಷ್ಟು ವರ್ಷ ಕೈಕಟ್ಟಿ ಕೂಡುವ ಬದಲು ಗಜೇಂದ್ರಗಡದ ವರ್ತಕರು ನೆರೆಯ ಕುಷ್ಟಗಿಯನ್ನು, ರೋಣ ಮತ್ತು ನರಗುಂದದವರು ಹೊಳೆಆಲೂರನ್ನು ಸರಕಿನ ತಾಣವಾಗಿ ಕೇಳಬೇಕು: ಪೂರ್ತಿ ರೇಕು ನಿಲ್ಲುವಷ್ಟು ಉದ್ದದ ಲೂಪ್ ಲೈನು, ಎತ್ತರದ ಕಟ್ಟೆ, ಸೂರು, ಕಾಂಕ್ರೀಟ್ ಅಂಗಳ, ಪಕ್ಕದಲ್ಲೇ ಗೋದಾಮು. ಗೋದಾಮು ಕಟ್ಟೆಗೆ ಅಂಟಿಕೊಂಡಿದ್ದರೆ ಆರು ಹಮಾಲಿಯಲ್ಲಿ ಎರಡು ಇಲ್ಲೇ ತಪ್ಪುತ್ತವೆ.

ಖಾಲಿ ವ್ಯಾಗನ್ ಎಲ್ಲಿಂದ ಎಂಬ ಪ್ರಶ್ನೆಗೂ ಉತ್ತರ ನಮ್ಮ ಹಂಗಾಮುಗಳಲ್ಲೇ ಇದೆ. ಗೊಬ್ಬರ, ಪಡಿತರದ ಅಕ್ಕಿ ದೂರದಿಂದ ರೇಕುಗಳಲ್ಲಿ ಬರುವ ಮಾಲು. ಹೆಸರು ರಾಶಿಯಾಗುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಹಿಂಗಾರಿ ಬಿತ್ತನೆಗೆ ಡಿಎಪಿ ಬೇಕಾಗುವುದೂ ಆಗಲೇ. ಗೊಬ್ಬರ ಇಳಿಸಿದ ವ್ಯಾಗನ್ನುಗಳನ್ನು ಚೊಕ್ಕಟವಾಗಿ ಗುಡಿಸಿ, ತೊಳೆದು, ಒಣಗಿಸಿ ಕಾಳು ತುಂಬುವ ವ್ಯವಸ್ಥೆ ಮಾಡಿದರೆ ರೇಕು ಬರಿಗೈಲಿ ಹೋಗುವುದಿಲ್ಲ. ಕಡಲೆಗೆ ಆ ಜೋಡಿ ಸಿಗುವುದಿಲ್ಲ, ಅದರ ಸುಗ್ಗಿ ಫೆಬ್ರುವರಿ–ಮಾರ್ಚ್‌ನಲ್ಲಿ. ಆದರೆ ಬೆಂಬಲ ಬೆಲೆಯಲ್ಲಿ ಸರ್ಕಾರ ಕೊಂಡ ಕಡಲೆ ಆಗಲೇ ಗೋದಾಮುಗಳಲ್ಲಿ ಒಟ್ಟಾಗಿರುತ್ತದೆ. ಸಾವಿರ ರೈತರನ್ನು ಕೂಡಿಸುವ ಕಷ್ಟ ಅಲ್ಲಿ ಮುಗಿದಿದೆ. ಮೊದಲ ರೇಕು ಅದರಿಂದಲೇ ತುಂಬಲಿ. 2020ರಲ್ಲಿ ರೈಲ್ವೆ ಹೊಸ ಸರಕು ಹುಡುಕಲೆಂದೇ ವಿಭಾಗ ಮಟ್ಟದಲ್ಲಿ ವ್ಯಾಪಾರ ಅಭಿವೃದ್ಧಿ ಘಟಕಗಳನ್ನು ತೆರೆದಿದೆ, ನಮ್ಮ ವಿಭಾಗದ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಮೂರು ತಾಲ್ಲೂಕಿನ ಎಪಿಎಂಸಿಗಳು, ಸಹಕಾರ ಸಂಘಗಳು, ಲಾರಿ ಮಾಲೀಕರು ಕೂಡಿ ಕೂತು, ಎಷ್ಟು ಟನ್, ಯಾವ ವಾರ, ಯಾವ ಊರಿಗೆ ಎಂದು ಬರೆದ ಒಂದು ಪಟ್ಟಿಯನ್ನು ಕಡಲೆ ಕಾಯಿ ಕಟ್ಟುವ ಹೊತ್ತಿಗೇ ಆ ಕಚೇರಿಗೆ ಮುಟ್ಟಿಸಬೇಕು. ರಾಶಿ ಮುಗಿದ ಮೇಲೆ ಬರೆದ ಅರ್ಜಿಗೆ ಆ ವರ್ಷದ ರೇಕು ಸಿಗುವುದಿಲ್ಲ.