ಗಾಯಗೊಂಡ ಕಾಲಿಗೆ ಕರಾರು



ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಕುಂಟುವ ಎತ್ತಿಗೆ ಪೂರ್ತಿ ಬೆಲೆ ತೆತ್ತು ಊರಿಗೆ ಹೊಡೆದುಕೊಂಡು ಹೋದ ರೈತನನ್ನು ನಾನು ಕಂಡಿಲ್ಲ. ಫುಟ್‌ಬಾಲ್ ಆಟದ ಲೋಕದಲ್ಲಿ ಮಾತ್ರ ಇಂಥ ವ್ಯಾಪಾರ ಆಗಾಗ ನಡೆಯುತ್ತದೆ. ಮನುಷ್ಯನನ್ನು ಎತ್ತಿಗೆ ಹೋಲಿಸಬಹುದೇ ಎಂದು ತಾವು ಆಕ್ಷೇಪಿಸಬಹುದು. ಆದರೆ ಆಟಗಾರರನ್ನು ‘ಕೊಂಡರು’, ‘ಮಾರಿದರು’, ‘ಎರವಲು ಕೊಟ್ಟರು’ ಎಂಬ ಮಾತು ನನ್ನದಲ್ಲ, ಆ ಲೋಕದ ನಿತ್ಯವ್ಯವಹಾರದ ಭಾಷೆಯೇ ಅದು.

2004ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಸ್ಪೇನ್ ದೇಶದ ರಿಯಲ್ ಮ್ಯಾಡ್ರಿಡ್ ಕ್ಲಬ್ಬು, ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್ಬಿನಿಂದ ಜೊನಾಥನ್ ವುಡ್‌ಗೇಟ್ ಎಂಬ ತರುಣ ರಕ್ಷಣಾ ಆಟಗಾರನನ್ನು ಸುಮಾರು ಒಂದು ಕೋಟಿ 34 ಲಕ್ಷ ಪೌಂಡುಗಳಿಗೆ ಕೊಂಡಿತು. ಆಗ ಅವನ ವಯಸ್ಸು 24. ಮಿಡಲ್ಸ್‌ಬರೊ ಎಂಬ ಕೈಗಾರಿಕೆಯ ಊರಿನಲ್ಲಿ ಹುಟ್ಟಿ, ಲೀಡ್ಸ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಪಳಗಿ, 19ನೆಯ ವಯಸ್ಸಿಗೇ ಇಂಗ್ಲೆಂಡಿನ ಪರವಾಗಿ ಆಡಿದವನು ಅವನು. ಲೀಡ್ಸ್ ಸಾಲದಲ್ಲಿ ಮುಳುಗಿದಾಗ, 2003ರ ಜನವರಿಯಲ್ಲಿ, ಮನೆಯ ಪಾತ್ರೆ ಪದಾರ್ಥ ಮಾರುವಂತೆ ಅವನನ್ನು ನ್ಯೂಕಾಸಲ್‌ಗೆ ಮಾರಿತು. ಓಟದಲ್ಲಿ ಚುರುಕು, ಚೆಂಡು ಕಾಲಿಗೆ ಬಂದಾಗ ಗಾಬರಿಯಿಲ್ಲ, ತಲೆಯೆತ್ತಿ ನೋಡಿ ಸಾಗಿಸುವ ಬುದ್ಧಿ. ರಕ್ಷಣೆಯ ಸಾಲಿನಲ್ಲಿ ಇವು ಮೂರೂ ಒಬ್ಬನಲ್ಲಿ ಕೂಡಿಬರುವುದು ಅಪರೂಪ. ಒಂದೇ ತೊಡಕೆಂದರೆ, ಕರಾರಿಗೆ ಸಹಿ ಬಿದ್ದ ದಿನ ಅವನು ಆಡುವ ಸ್ಥಿತಿಯಲ್ಲಿರಲಿಲ್ಲ. ಏಪ್ರಿಲ್ ತಿಂಗಳಲ್ಲೇ ತೊಡೆಯ ಸ್ನಾಯು ಹರಿದಿತ್ತು.

ಇಷ್ಟು ತಿಳಿದೂ ಏಕೆ ಕೊಂಡರು? ಜಿದಾನ್, ರೊನಾಲ್ಡೊ, ಫಿಗೊ, ಬೆಕಮ್, ರಾವುಲ್, ಹೀಗೆ ಆ ಕಾಲದ ಮಹಾಪ್ರತಿಭೆಗಳೆಲ್ಲ ಮ್ಯಾಡ್ರಿಡ್ ತಂಡದಲ್ಲಿ ಒಂದೇ ಕಾಲಕ್ಕೆ ನೆರೆದಿದ್ದರು. ವುಡ್‌ಗೇಟ್ ಬಂದ ಬೇಸಗೆಯಲ್ಲೇ ಮೈಕೆಲ್ ಓವನ್ ಕೂಡ ಬಂದ. ಆದರೆ ಹಿಂದಿನ ವರ್ಷ, 2003ರಲ್ಲಿ, ರಕ್ಷಣೆಯ ಹಿರಿಯ ಕಂಬವಾಗಿದ್ದ ಫರ್ನಾಂಡೊ ಇಯೆರೊ ತಂಡ ಬಿಟ್ಟಿದ್ದ. ರಕ್ಷಣೆಯ ಮುಂದೆ ನಿಂತು ಎದುರಾಳಿಗಳ ದಾಳಿಯನ್ನು ತಡೆಯುತ್ತಿದ್ದ ಕ್ಲಾಡ್ ಮಕೆಲೆಲೆಯನ್ನು ಚೆಲ್ಸಿಗೆ ಮಾರಿಬಿಟ್ಟಿದ್ದರು. ಗೋಪುರಕ್ಕೆ ಚಿನ್ನದ ಕಳಶಗಳನ್ನಿಡುತ್ತ ತಳಪಾಯದ ಕಲ್ಲು ಕಿತ್ತಂತಾಯಿತು. 2003-04ರ ಲೀಗಿನಲ್ಲಿ ಆ ತಂಡ ಕೊನೆಯ ಐದು ಪಂದ್ಯಗಳನ್ನೂ ಸೋತು ನಾಲ್ಕನೆಯ ಸ್ಥಾನಕ್ಕಿಳಿಯಿತು. ತಡೆಯುವವರು ಬೇಕೆಂಬ ಅರಿವು ಆಗ ಮೂಡಿತು. ಅವಸರದಲ್ಲಿ ಕೊಳ್ಳುವವನು ಗಾಯವನ್ನು ಕಂಡೂ ಅದರ ಆಳವನ್ನು ಅಳೆಯಲಾರ.

ಇಲ್ಲಿ ರಕ್ಷಣಾ ಆಟಗಾರನ ಕಾಲಿನ ವಿಷಯವಾಗಿ ಒಂದೆರಡು ಮಾತು ಹೇಳಬೇಕು. ಬೆಂಗಳೂರಿನ ಮೈದಾನಗಳಲ್ಲಿ ನಾವು ಇವನನ್ನು ‘ಬ್ಯಾಕ್’ ಎಂದು ಕರೆದೇ ರೂಢಿ. ಮುಂದಿನ ಸಾಲಿನವನು, ಎಂದರೆ ಫಾರ್ವರ್ಡ್, ತಾನು ಯಾವಾಗ ಓಡಬೇಕು, ಯಾವ ಕಡೆ ಹೊರಳಬೇಕು ಎಂಬುದನ್ನು ತಾನೇ ನಿರ್ಧರಿಸುತ್ತಾನೆ. ನೋಯುವ ಕಾಲನ್ನು ಅವನು ಸ್ವಲ್ಪ ಮುಚ್ಚಿಟ್ಟುಕೊಂಡು ಆಡಬಲ್ಲ. ಹತ್ತು ಸಲ ಸುಮ್ಮನೆ ನಿಂತು ಹನ್ನೊಂದನೆಯ ಸಲ ಓಡಿ ಗೋಲು ಹೊಡೆದರೂ ಅವನಿಗೆ ಜಯಕಾರವೇ. ಬ್ಯಾಕ್‌ನ ಹಣೆಬರಹ ಬೇರೆ. ಅವನು ಹಿಂದೆ ಹಿಂದೆ ಸರಿಯುತ್ತಿರುತ್ತಾನೆ. ಎದುರಿನವನು ಹೊರಳಿದ ಕ್ಷಣಕ್ಕೆ ಇವನೂ ಹೊರಳಬೇಕು, ಹೊರಳಿದವನು ಅಲ್ಲಿಂದಲೇ ವೇಗವಾಗಿ ಓಡಬೇಕು. ಮುಹೂರ್ತವನ್ನು ಗೊತ್ತುಮಾಡುವವನು ಬೇರೊಬ್ಬ. ತೊಡೆಯ ಸ್ನಾಯುವಾಗಲಿ ಮಂಡಿಯೊಳಗಿನ ಕಟ್ಟಾಗಲಿ ಹರಿಯುವುದು ಇಂಥ ಗಳಿಗೆಯಲ್ಲೇ. ಸಾಲದ್ದಕ್ಕೆ, ಬ್ಯಾಕ್ ಹತ್ತು ಸಲ ಸರಿಯಾಗಿ ತಡೆದರೆ ಯಾರಿಗೂ ನೆನಪಿರುವುದಿಲ್ಲ, ಹನ್ನೊಂದನೆಯ ಸಲ ಅರ್ಧ ಹೆಜ್ಜೆ ತಡವಾದರೆ ಊರೆಲ್ಲ ಸುದ್ದಿ.

ವೈದ್ಯಪರೀಕ್ಷೆ ಇಲ್ಲವೇ ಎಂದು ಕೇಳಬಹುದು. ಇದೆ. ಆದರೆ ಅದರ ಹಿಂದೆ ಒಂದು ನಿಯಮವುಂಟು. ಆಟಗಾರ ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಕರಾರು ಊರ್ಜಿತವೆಂಬ ಷರತ್ತನ್ನು ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫೀಫಾದ ವರ್ಗಾವಣೆಯ ನಿಯಮಾವಳಿ ಒಪ್ಪುವುದಿಲ್ಲ. ನೋಡುವುದಿದ್ದರೆ ಸಹಿಗೆ ಮೊದಲೇ ನೋಡಿಕೊಳ್ಳಬೇಕು. ಸಹಿ ಬಿದ್ದ ಮೇಲೆ ಕಾಲು ನೆಟ್ಟಗಿಲ್ಲವೆಂದು ಸಂಬಳ ನಿಲ್ಲಿಸುವಂತಿಲ್ಲ. ಕ್ರೀಡಾಲೋಕದ ಎಷ್ಟೋ ಕಾನೂನುಗಳು ಒಡೆಯರ ಅನುಕೂಲಕ್ಕೆ ಹುಟ್ಟಿದವು. ಇದೊಂದು ಆಳಿನ ಕಡೆಗೆ ನಿಂತಿದೆ. ಮ್ಯಾಡ್ರಿಡ್‌ನವರೂ ಪರೀಕ್ಷಿಸಿ ನೋಡಿಯೇ ಸಹಿ ಹಾಕಿದ್ದು. ಆದರೆ ವೈದ್ಯನ ಯಂತ್ರ ಇಂದಿನ ಸ್ನಾಯುವಿನ ಚಿತ್ರ ತೆಗೆಯಬಲ್ಲದೇ ಹೊರತು, ಮುಂದಿನ ಮಾಘದಲ್ಲಿ ಎಂಬತ್ತನೆಯ ನಿಮಿಷಕ್ಕೆ ಅದು ಏನಾದೀತೆಂದು ಹೇಳಲಾರದು.

ಮುಂದೆ ನಡೆದದ್ದು ಫುಟ್‌ಬಾಲ್ ಪ್ರಿಯರಿಗೆಲ್ಲ ತಿಳಿದ ಕಥೆ. ಗಾಯ ಮಾಗಿತೆಂದುಕೊಂಡಾಗ ಮತ್ತೆ ತೊಂದರೆ, ಮತ್ತೆ ಚಿಕಿತ್ಸೆ. ಒಂದು ಇಡೀ ಋತು ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಈ ನಡುವೆ ಅವನನ್ನು ಬರಮಾಡಿಕೊಂಡ ತರಬೇತುದಾರ ಕಮಾಚೊ ಒಂದೇ ತಿಂಗಳಲ್ಲಿ ರಾಜೀನಾಮೆಯಿತ್ತು ಹೊರಟುಹೋದ. ಅವನ ಜಾಗಕ್ಕೆ ಗಾರ್ಸಿಯಾ ರೆಮೋನ್ ಬಂದ. ಅವನೂ ಹೋಗಿ ವರ್ಷಾಂತ್ಯಕ್ಕೆ ಬ್ರೆಜಿಲಿನ ಲುಕ್ಸೆಂಬುರ್ಗೊ ಬಂದ. ಇದು ನಾನು ಒತ್ತಿ ಹೇಳಬೇಕಾದ ಸಂಗತಿ. ಗಾಯಾಳುವನ್ನು ಕರೆತಂದವನು ಒಬ್ಬ, ಅವನು ಗುಣವಾಗುವ ತನಕ ಕಾಯಬೇಕಾದವನು ಇನ್ನೊಬ್ಬ. ಕಾಯುವವನಿಗೆ ಕರೆತಂದವನ ನಂಬಿಕೆಯಿರುವುದಿಲ್ಲ, ಇರಬೇಕೆಂದು ನಿಯಮವೂ ಇಲ್ಲ.

2005ರ ಸೆಪ್ಟೆಂಬರ್ 22ರಂದು, ಸಹಿ ಹಾಕಿದ 13 ತಿಂಗಳ ಮೇಲೆ, ಅಥ್ಲೆಟಿಕ್ ಬಿಲ್ಬಾವೊ ತಂಡದ ವಿರುದ್ಧ ವುಡ್‌ಗೇಟ್ ಕೊನೆಗೂ ಬಿಳಿಯ ಅಂಗಿ ತೊಟ್ಟು ಮೈದಾನಕ್ಕಿಳಿದ. ತಡೆಯಲು ಹೋದ ಚೆಂಡನ್ನು ತನ್ನದೇ ಗೋಲಿನೊಳಕ್ಕೆ ಕಳುಹಿಸಿದ. ಆಮೇಲೆ ಎರಡನೆಯ ಹಳದಿ ಚೀಟಿ ಪಡೆದು ಮೈದಾನದಿಂದ ಹೊರಹಾಕಿಸಿಕೊಂಡ. ಪಂದ್ಯವನ್ನು ಮ್ಯಾಡ್ರಿಡ್ 3-1ರಿಂದ ಗೆದ್ದಿತೆಂಬುದು ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಮುಂದಿನ ತಿಂಗಳೇ ಅವನು ಯೂರೋಪಿನ ಚಾಂಪಿಯನ್ನರ ಲೀಗಿನಲ್ಲಿ ರೋಸೆನ್‌ಬೊರ್ಗ್ ವಿರುದ್ಧ ಒಂದು ಗೋಲು ಹೊಡೆದದ್ದಂತೂ ಯಾರ ಬಾಯಲ್ಲೂ ಬರುವುದಿಲ್ಲ. ಒಟ್ಟು 14 ಪಂದ್ಯ ಆಡಿ 2006ರಲ್ಲಿ ಅವನು ಹೊರಟ. ಮಾರನೆಯ ವರ್ಷ ‘ಮಾರ್ಕಾ’ ಪತ್ರಿಕೆಯ ಓದುಗರು ಆ ಶತಮಾನದ ಅತಿ ಕೆಟ್ಟ ಖರೀದಿಯೆಂದು ಅವನನ್ನು ಮತಹಾಕಿ ಆರಿಸಿದರು. ಶತಮಾನಕ್ಕೆ ಆಗಿನ್ನೂ ಏಳು ವರ್ಷ!

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕೆಟ್ಟದ್ದು ಖರೀದಿಯಾಗಿರಬಹುದು, ಹಾಗಾದರೆ ಅದರ ಅಪಕೀರ್ತಿ ಕೊಂಡವರದು. ಸರಕಾದವನ ಹೆಸರಿಗೆ ಅದನ್ನು ಅಂಟಿಸುವುದು ನ್ಯಾಯವಲ್ಲ. ಅವನು ತನ್ನ ಹರಿದ ತೊಡೆಯನ್ನು ಬಚ್ಚಿಟ್ಟು ಮಾರಿಕೊಂಡವನಲ್ಲ. ಅವನು ಆಡದೆ ಕುಳಿತದ್ದು ಪತ್ರಿಕೆಗಳಲ್ಲಿ ಬಂದದ್ದೇ. ಜೊತೆಗೆ, ಮುಂದಿನ ಕಥೆಯನ್ನೂ ನೋಡಬೇಕಲ್ಲ? ಹುಟ್ಟೂರಾದ ಮಿಡಲ್ಸ್‌ಬರೊ ಕ್ಲಬ್ಬು ಅವನನ್ನು ಮೊದಲು ಎರವಲಾಗಿ ಪಡೆದು, ಒಂದು ಋತು ಆಡಿಸಿ ನೋಡಿ, ಬಳಿಕ 2007ರಲ್ಲಿ ಕೊಂಡಿತು. ಇದು ನಮ್ಮ ಸಂತೆಯ ರೈತನ ಬುದ್ಧಿ. 2008ರ ಜನವರಿಯಲ್ಲಿ ಲಂಡನಿನ ಟಾಟನ್‌ಹ್ಯಾಮ್ ಅವನನ್ನು ಕರೆದುಕೊಂಡಿತು. ಫೆಬ್ರವರಿ 24ರಂದು ವೆಂಬ್ಲಿ ಮೈದಾನದಲ್ಲಿ ಲೀಗ್ ಕಪ್ಪಿನ ಅಂತಿಮ ಪಂದ್ಯ, ಎದುರಿಗೆ ಚೆಲ್ಸಿ. 1-1ರ ಸಮ. ಹೆಚ್ಚುವರಿ ಕಾಲದ ನಾಲ್ಕನೆಯ ನಿಮಿಷದಲ್ಲಿ ಎತ್ತರಕ್ಕೆ ಬಂದ ಚೆಂಡಿಗೆ ವುಡ್‌ಗೇಟ್ ತಲೆಗೊಟ್ಟ. ಚೆಲ್ಸಿಯ ಗೋಲಿ ಚೆಕ್ ಗುದ್ದಿದ ಚೆಂಡು ಮತ್ತೆ ಇವನ ಮುಖಕ್ಕೇ ಬಡಿದು ಗೋಲಿನೊಳಕ್ಕೆ ಉರುಳಿತು. ಟಾಟನ್‌ಹ್ಯಾಮ್ ಗೆದ್ದಿತು. ಆ ಕ್ಲಬ್ಬು ಮತ್ತೊಂದು ದೊಡ್ಡ ಪ್ರಶಸ್ತಿ ಗೆಲ್ಲಲು 2025ರ ಮೇ ತಿಂಗಳವರೆಗೆ, ಎಂದರೆ 17 ವರ್ಷ, ಕಾಯಬೇಕಾಯಿತು.

ಕಾಯುವುದೆಂದರೆ ಕೇವಲ ಸಹನೆಯ ಮಾತಲ್ಲ, ಅದು ಖರ್ಚಿನ ಬಾಬು. ಹಾಲೆಂಡಿನ ರೂಡ್ ವಾನ್ ನಿಸ್ಟೆಲ್ರಾಯ್‌ನ ಉದಾಹರಣೆ ನೋಡಿ. ಅವನು ಬ್ಯಾಕ್ ಅಲ್ಲ, ಫಾರ್ವರ್ಡ್. 2000ದ ವಸಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು ಕೊಳ್ಳಲು ಹೊರಟು, ಮಂಡಿಯ ಬಗ್ಗೆ ಸಂಶಯ ಬಂದು ಹಿಂಜರಿಯಿತು. ಕೆಲವೇ ದಿನಗಳಲ್ಲಿ ಅಭ್ಯಾಸ ಮಾಡುವಾಗ ಅವನ ಮಂಡಿಯ ಕಟ್ಟು ಹರಿಯಿತು. ವರ್ಷದ ಮೇಲೆ, 2001ರಲ್ಲಿ, ಗುಣವಾದವನನ್ನು ಅದೇ ಮ್ಯಾಂಚೆಸ್ಟರ್ ಕೊಂಡಿತು. ಅವನು ಐದು ಋತುಗಳಲ್ಲಿ 150 ಗೋಲು ಹೊಡೆದ. ಮ್ಯಾಂಚೆಸ್ಟರಿನ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಆ ಒಂದು ವರ್ಷ ಅವನು ಇದ್ದದ್ದು ತನ್ನ ಹಳೆಯ ಕ್ಲಬ್ಬಾದ ಪಿಎಸ್‌ವಿಯ ಕರಾರಿನಲ್ಲಿ. ಕಾಯುವ ಖರ್ಚು ಹೊತ್ತವರಿಗೆ ಹೊಗಳಿಕೆಯಲ್ಲಿ ಪಾಲು ಬರಲಿಲ್ಲ.

ನಮ್ಮ ದೇಶದಲ್ಲೂ ಇಂಥ ಒಂದು ಪ್ರಸಂಗ ಉಂಟು. ಚಂಡೀಗಢದ ಸಂದೇಶ್ ಜಿಂಗನ್ ಆರು ವರ್ಷ ಕೇರಳ ಬ್ಲಾಸ್ಟರ್ಸ್ ತಂಡದ ರಕ್ಷಣೆಯ ಆಧಾರವಾಗಿದ್ದವನು. 2019ರ ಅಕ್ಟೋಬರಿನಲ್ಲಿ, ರಾಷ್ಟ್ರೀಯ ತಂಡದ ಶಿಬಿರದಲ್ಲಿದ್ದಾಗ, ಒಂದು ಅಭ್ಯಾಸ ಪಂದ್ಯದಲ್ಲಿ ಅವನ ಮಂಡಿಯ ಕಟ್ಟು ಹರಿಯಿತು. ಈ ಗಾಯಕ್ಕೆ ಶಸ್ತ್ರವೈದ್ಯರು ದೇಹದ ಬೇರೆಡೆಯಿಂದ ನರದಂಥ ಒಂದು ತುಂಡನ್ನು ತೆಗೆದು ಮಂಡಿಯೊಳಗೆ ಹೊಸ ಕಟ್ಟಾಗಿ ನೆಡುತ್ತಾರೆ. ಅದು ಬೇರೂರಿ ಗಟ್ಟಿಯಾಗಬೇಕು. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕಿಳಿದವರಲ್ಲಿ ಮತ್ತೆ ಗಾಯವಾಗುವ ಸಂಭವ ಹೆಚ್ಚೆಂದು ಪರಿಣತರು ಕಂಡುಕೊಂಡಿದ್ದಾರೆ. ಅದೂ ಒಂಬತ್ತು ತಿಂಗಳು, ಪ್ರಕೃತಿಯ ಲೆಕ್ಕ ವಿಚಿತ್ರ. ಜಿಂಗನ್ ಒಂದಿಡೀ ಋತು ಹೊರಗುಳಿದ, 2020ರ ಮೇ ತಿಂಗಳಲ್ಲಿ ಕೇರಳದ ಸಂಬಂಧವೂ ಮುಗಿಯಿತು. ಒಂದು ಪಂದ್ಯವನ್ನೂ ಆಡದ ಅವನನ್ನು ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಎಟಿಕೆ ಮೋಹನ್ ಬಾಗಾನ್ ಸೇರಿಸಿಕೊಂಡಿತು. ಆ ಋತುವಿನಲ್ಲಿ ತಂಡ ಅಂತಿಮ ಪಂದ್ಯದವರೆಗೆ ಹೋಯಿತು, ಭಾರತದ ವರ್ಷದ ಆಟಗಾರನೆಂಬ ಗೌರವ ಅವನಿಗೆ ಬಂತು.

ಒಂದು ವಿಶೇಷವನ್ನು ಗಮನಿಸಬೇಕು. ಸಾಂಕ್ರಾಮಿಕದ ಕಾರಣ ಆ ವರ್ಷದ ಪಂದ್ಯಗಳೆಲ್ಲ ಗೋವೆಯಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದವು. ಹೊಸ ಮಂಡಿಯನ್ನು ಮೊದಲ ಸಲ ನಂಬಿ ಹೊರಳುವವನಿಗೆ ಖಾಲಿ ಮೆಟ್ಟಿಲುಗಳು ಒಂದು ಅನುಗ್ರಹವೆಂದೇ ನನ್ನ ಭಾವನೆ. ವುಡ್‌ಗೇಟ್‌ನಿಗೆ ಆ ಭಾಗ್ಯವಿರಲಿಲ್ಲ. ಜಿಂಗನ್ 2022ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ಬಂದ. ಅದಕ್ಕೂ ಮೊದಲು ಕ್ರೊವೇಷಿಯ ದೇಶದ ಕ್ಲಬ್ಬೊಂದಕ್ಕೆ ಹೋಗಿ, ಅಲ್ಲಿಯೂ ಗಾಯಗೊಂಡು ಮರಳಿದ್ದ. ಹಾಗಿದ್ದೂ ಬೆಂಗಳೂರಿಗೆ ಬಂದ ಮುಂದಿನ ತಿಂಗಳೇ ತಂಡ ಡ್ಯುರಾಂಡ್ ಕಪ್ ಗೆದ್ದುಕೊಂಡಿತು.

ಜಿಂಗನ್ ಹೆಸರು ಮಾಡಿದವನು. ಹೆಸರಿಲ್ಲದವರ ಮಾತೇನು? ನಾನು ಯೌವನದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಎಡಗಡೆಯ ಬ್ಯಾಕ್ ಆಗಿ ಕೆಲವು ವರ್ಷ ಆಡಿದವನು. ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳ ತಂಡಗಳು ಲೀಗಿನಲ್ಲಿ ಮೆರೆಯುತ್ತಿದ್ದ ಕಾಲ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದ ಹುಡುಗರು ಬರಿಗಾಲಲ್ಲಿ ಕಲಿತ ಆಟವನ್ನು ತೋರಿಸಿ ಈ ಕಾರ್ಖಾನೆಗಳಲ್ಲಿ ಖಾಯಂ ನೌಕರಿ ಸಂಪಾದಿಸುತ್ತಿದ್ದರು. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ ಪುಸ್ತಕಕ್ಕೆ ರುಜು. ನಮ್ಮ ಪಕ್ಕದಲ್ಲೇ ಆಡುತ್ತಿದ್ದ ಒಬ್ಬ ಬ್ಯಾಕ್‌ನ ಮಂಡಿ ಒಂದು ಲೀಗ್ ಪಂದ್ಯದಲ್ಲಿ ತಿರುಚಿಕೊಂಡಿತು. ಮೊದಲು ಮೂಳೆ ಕಟ್ಟುವವರ ಹತ್ತಿರ ಹೋದ. ಅಂದಿನ ದಿನಗಳಲ್ಲಿ ಎಲ್ಲರೂ ಹೋಗುತ್ತಿದ್ದುದು ಅಲ್ಲಿಗೇ. ಆಟಕ್ಕೆ ಅವನು ಮರಳಲೇ ಇಲ್ಲ. ಆದರೆ ಉಗ್ರಾಣದಲ್ಲಿ ಕುಳಿತು ಲೆಕ್ಕ ಬರೆದ, ಮಕ್ಕಳನ್ನು ಓದಿಸಿದ, ವಯಸ್ಸು ತುಂಬಿದಾಗ ಹಾರ ಹಾಕಿಸಿಕೊಂಡು ನಿವೃತ್ತನಾದ. ಕಾರ್ಖಾನೆ ಅವನ ಆಟವನ್ನು ಕೊಂಡಿರಲಿಲ್ಲ, ಅವನನ್ನು ನೌಕರನನ್ನಾಗಿ ಇಟ್ಟುಕೊಂಡಿತ್ತು.

ಆ ವ್ಯವಸ್ಥೆ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಸೋಮಾರಿತನವಿತ್ತು, ಆಟದ ಮಟ್ಟ ಮೇಲೇರಲು ಅದು ಸಾಲಲಿಲ್ಲ. ಎಚ್‌ಎಎಲ್ ತಂಡ 2012ರಲ್ಲಿ ರಾಷ್ಟ್ರೀಯ ಲೀಗಿನ ಮೇಲ್ದರ್ಜೆಯಿಂದ ಕೆಳಗಿಳಿಯಿತು. ಮಾರನೆಯ ವರ್ಷವೇ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಆ ಲೀಗನ್ನು ಗೆದ್ದಿತು. ಆದರೆ ವೃತ್ತಿಪರ ಕ್ಲಬ್ಬಿನ ಕರಾರಿಗೆ ಮುಗಿಯುವ ತಾರೀಖೊಂದು ಇರುತ್ತದೆ, ಮಂಡಿಯ ಕಟ್ಟಿಗೆ ಆ ತಾರೀಖು ಗೊತ್ತಿರುವುದಿಲ್ಲ. ರಾಷ್ಟ್ರೀಯ ತಂಡಕ್ಕೆ ಆಡುವಾಗ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಹೊರಗುಳಿದ ಆಟಗಾರನ ಕ್ಲಬ್ಬಿಗೆ ಫೀಫಾ 2012ರಿಂದ ಪರಿಹಾರ ಕೊಡುವ ಏರ್ಪಾಡು ಮಾಡಿದೆ. ಹಣ ಹೋಗುವುದು ಕ್ಲಬ್ಬಿಗೆ. ರಾಷ್ಟ್ರೀಯ ತಂಡದ ಹತ್ತಿರಕ್ಕೂ ಹೋಗದ, ಜಿಲ್ಲಾ ಲೀಗಿನಲ್ಲಿ ಒಂದು ಋತುವಿನ ಒಪ್ಪಂದಕ್ಕೆ ಆಡುವ ಇಪ್ಪತ್ತರ ಹುಡುಗ ಆ ಏರ್ಪಾಡಿನಲ್ಲಿ ಎಲ್ಲಿಯೂ ಸೇರುವುದಿಲ್ಲ.

ಒಪ್ಪಂದದ ನಡುವೆ ಮಂಡಿ ಹರಿದರೆ ಒಪ್ಪಂದದ ಅವಧಿ ಚಿಕಿತ್ಸೆ ಮುಗಿದು, ಆ ಒಂಬತ್ತು ತಿಂಗಳು ಕಳೆದು, ಮತ್ತೆ ಒಂದು ತಿಂಗಳು ಅಭ್ಯಾಸಕ್ಕಿಳಿಯುವವರೆಗೆ ತಾನಾಗಿಯೇ ಮುಂದುವರಿಯತಕ್ಕದ್ದು ಎಂಬ ಒಂದು ಸಾಲನ್ನು ನಮ್ಮ ಲೀಗುಗಳು ಕಡ್ಡಾಯ ಮಾಡಬಹುದು. ಸಂಬಳ ಅರ್ಧವಾದರೂ ಸರಿಯೇ. ಶಸ್ತ್ರಚಿಕಿತ್ಸೆಯ ವಿಮೆಯ ಕಂತನ್ನು ಹುಡುಗನ ನೋಂದಣಿಯ ದಿನವೇ ಕ್ಲಬ್ಬು ಕಟ್ಟಿ ರಸೀದಿ ತೋರಿಸಲಿ. ರಸೀದಿಯಿಲ್ಲದೆ ಅವನ ಹೆಸರು ತಂಡದ ಪಟ್ಟಿಗೆ ಏರದಿರಲಿ.