ನಡುನೋಟದ ನೆರಳು



ಅಫಜಲಪುರ ತಾಲ್ಲೂಕಿನ ಹವಳಗಾ ನನ್ನ ಹುಟ್ಟೂರು. 1998ರ ಸುಮಾರಿಗೆ ನನ್ನ ಅವ್ವ ಅಂಗಳದ ಅಂಚಿನಲ್ಲಿ ಓಡುವ ಕೋಳಿಯನ್ನು ಗುರುತಿಸುತ್ತಿದ್ದಳು. ಎದುರು ನಿಂತ ಮಗನ ಮುಖ ಮಾತ್ರ ಆಕೆಗೆ ಕಾಣುತ್ತಿರಲಿಲ್ಲ. "ತಮ್ಮಾ, ನಿನ್ನ ದನಿ ಅದ, ಮಾರಿ ಇಲ್ಲ" ಎನ್ನುವಳು. ಬೀಳಗಿಯ ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಬೆಳಕು ಕಂಡವರು ಈ ನಾಡಿನಲ್ಲಿ ಅಸಂಖ್ಯರು. ಅವ್ವನದು ಪೊರೆಯಲ್ಲ; ಅದಕ್ಕೆ ಆಗ ತಕ್ಕ ಮದ್ದಿರಲಿಲ್ಲ.

ಅಕ್ಷಿಪಟಲದ ನಡುವೆ ಮ್ಯಾಕ್ಯುಲಾ ಎಂಬ ಕಿರುತಾಣವಿದೆ. ಅಕ್ಷರವನ್ನೂ ಮುಖವನ್ನೂ ಗುರುತಿಸುವುದು ಅದರ ಕೆಲಸ. ಮುಪ್ಪಿನಲ್ಲಿ ಅದು ಸವೆಯುವುದುಂಟು. ಕೆಲವರಲ್ಲಿ ಅದರಡಿ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಸೋರುವ ಬಗೆಗೆ ರಾನಿಬಿಝುಮ್ಯಾಬ್ ಎಂಬ ಚುಚ್ಚುಮದ್ದು ಬಂದಿತು. 2006ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 716 ರೋಗಿಗಳಿದ್ದರು. ಅವರಲ್ಲಿ ಮೂರನೆಯ ಒಂದು ಪಾಲಿಗೆ ಮದ್ದಿಲ್ಲ. ಸೂಜಿಯಿಲ್ಲದ ಸಿರಿಂಜನ್ನು ಕಣ್ಣಿಗೊತ್ತಿ ಚುಚ್ಚಿದಂತೆ ನಟಿಸಲಾಯಿತು. ವರ್ಷ ಕಳೆದಾಗ ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 95 ಮಂದಿಯ ದೃಷ್ಟಿ ಹೆಚ್ಚು ಕುಸಿದಿರಲಿಲ್ಲ; ಪಡೆಯದವರಲ್ಲಿ ಸುಮಾರು 62 ಮಂದಿಯದು.

ಈ 62ನ್ನು ಗಮನಿಸಿ. ಹೋಲಿಕೆಯಿಲ್ಲದೆ ಬರಿಯ ನೀರನ್ನೇ ಚುಚ್ಚಿದ್ದರೂ ಅಷ್ಟು ಕೀರ್ತಿ ನೀರಿಗೆ ಸಲ್ಲುತ್ತಿತ್ತು. ಮದ್ದಿಲ್ಲದೆ ಕುಳಿತವರ ಕಣ್ಣುಗಳಿಂದಲೇ ನಮಗೆ ನಿಜ ತಿಳಿಯಿತು.

ಸವೆಯುವ ಬಗೆಗೆ ಅಮೆರಿಕ 2023ರಲ್ಲಿ ಒಪ್ಪಿದ ಮದ್ದುಗಳು ಸವೆತವನ್ನು ನಿಧಾನಗೊಳಿಸುತ್ತವೆ, ಹೋದ ನೋಟವನ್ನು ತರಲಾರವು. ಆದುದರಿಂದ ಪರೀಕ್ಷೆಗಳು ನಡೆಯಲೇಬೇಕು.

ಈಗ ನನ್ನ ಬಲಗಣ್ಣಿಗೂ ಪುಟದ ಸಾಲುಗಳು ಬಾಗಿ ಕಾಣುತ್ತಿವೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗೆ ಸೇರುವ ಒಪ್ಪಿಗೆಪತ್ರ ಕೊಟ್ಟರು. ಅದರಲ್ಲಿ 'ಯಾದೃಚ್ಛಿಕೀಕರಣ' ಎಂಬ ಪದವಿತ್ತು. ಆಯುಷ್ಯವೆಲ್ಲ ಕನ್ನಡ ಕಲಿಸಿದ ನಾನೇ ತಡವರಿಸಿದೆ. ಪಕ್ಕದಲ್ಲಿ ಹಳ್ಳಿಯ ಮುದುಕಿಯೊಬ್ಬಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕುಳಿತಿದ್ದಳು. ಓದಲಾರದವರ ಒಪ್ಪಿಗೆಗೆ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕೆಂದು 2019ರ ನಿಯಮಗಳು ವಿಧಿಸುತ್ತವೆ. ಸಾಕ್ಷಿ ಇದ್ದ, ಅರ್ಥವೇ ಇರಲಿಲ್ಲ. "ಚೀಟಿ ಎತ್ತಿಧಂಗವ್ವಾ, ಯಾರಿಗೆ ಮದ್ದು ಬರ್ತದ, ಯಾರಿಗೆ ಸುಳ್ಳು ಸೂಜಿ ಬರ್ತದ, ಡಾಕ್ಟರಿಗೂ ಗೊತ್ತಿರಂಗಿಲ್ಲ" ಎಂದೆ.

"ಸುಳ್ಳು ಸೂಜಿ ನನಗ ಬಂದ್ರ, ಮಾಸ್ತರ?"

"ಆವಾಗ ನಿನ್ನ ಕಣ್ಣು ಮಂದಿ ಕೆಲಸಕ್ಕ ಬರ್ತದ."

ಆಕೆ ಕ್ಷಣ ಯೋಚಿಸಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. "ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದು ಪತ್ರವನ್ನು ಮಡಚಿ ಎದ್ದಳು. ನಾನು ರುಜು ಹಾಕಿದೆ. ಇಬ್ಬರದೂ ತಿಳಿದು ಮಾಡಿದ ನಿರ್ಧಾರ. ವಿಜ್ಞಾನಕ್ಕೆ ಬೇಕಾದುದು ಅಂಥದೇ.

(ಕೃಪೆ: ಆಕಾಶವಾಣಿ)