ಲಕ್ವ ಹೊಡೆದ ಕೈಯನ್ನು ಎಳೆಯಬೇಡಿ
(ಸಂಘದ ರಜತ ಮಹೋತ್ಸವದಲ್ಲಿ ನಿರ್ದೇಶಕರು ಮಾಡಿದ ಭಾಷಣ)



ಸಂಘದ ಲೆಕ್ಕಪತ್ರದ ವಿಷಯ ಕಾರ್ಯದರ್ಶಿಗಳು ಹೇಳಿದ್ದಾರೆ. ನಾವು ಸದಸ್ಯರ ಕೈಯ ವಿಷಯ ಹೇಳುತ್ತೇವೆ. ಹಾಲು ಕರೆಯೋದು, ಮೇವು ಕೊಯ್ಯೋದು, ಸಹಿ ಹಾಕೋದು ಎಲ್ಲಾ ಕೈಯಿಂದಲೇ ತಾನೇ? ಲಕ್ವ ಹೊಡೆದರೆ ಆ ಕೈಯೇ ಸೋತುಹೋಗಬಹುದು.

ಲಕ್ವದಲ್ಲಿ ಪೆಟ್ಟು ಬೀಳೋದು ಕೈಗಲ್ಲ, ಮಿದುಳಿಗೆ. ಅಲ್ಲಿನ ರಕ್ತನಾಳ ಕಟ್ಟಿಕೊಳ್ಳುತ್ತದೆ ಇಲ್ಲವೇ ಒಡೆಯುತ್ತದೆ. ಮಿದುಳಿನ ಎಡಭಾಗ ಕೆಟ್ಟರೆ ಬಲಗೈ ಸೋಲುತ್ತದೆ. ಆದ್ದರಿಂದ ಬರೀ ಎಣ್ಣೆ ತಿಕ್ಕಿದರೆ ಸಾಲದು. ಕೈಯನ್ನು ಮತ್ತೆ ಮತ್ತೆ ಕೆಲಸಕ್ಕೆ ಹಚ್ಚಿ ಮಿದುಳಿಗೆ ಪಾಠ ಕಲಿಸಬೇಕು.

ಮೊದಲು ಭುಜ ಕಾಪಾಡಿ. ಭುಜದ ಕೀಲಿನ ಗುಂಡು ದೊಡ್ಡದು, ಅದು ಕೂರುವ ಗುಳಿ ಆಳವಿಲ್ಲ. ಸುತ್ತಲಿನ ಸ್ನಾಯುಗಳೇ ಅದನ್ನು ಹಿಡಿದಿಡಬೇಕು. ಅವು ಸಡಿಲವಾದರೆ ಕೈಯ ಭಾರಕ್ಕೇ ಕೀಲು ಕೆಳಗೆ ಜಗ್ಗುತ್ತದೆ. ರೋಗಿಯನ್ನು ಎಬ್ಬಿಸಲು ಆ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಭುಜಕ್ಕೆ ಪೆಟ್ಟಾಗುತ್ತದೆ. ನೋವಾದವರು ಕೈ ಆಡಿಸಲ್ಲ, ಆಡಿಸದ ಕೈ ಬಿಗಿದುಹೋಗುತ್ತದೆ. ತೊಲೆಗೆ ರಾಟೆ ಕಟ್ಟಿ ಹಗ್ಗದಿಂದ ಕೈ ಮೇಲಕ್ಕೆ ಎಳೆಯೋದೂ ಬೇಡ. ಕೂತಾಗ ಕೈ ಕೆಳಗೆ ದಿಂಬು ಇಡಿ. ಎಬ್ಬಿಸುವಾಗ ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಡಿ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ.

ಆಮೇಲೆ ಅಭ್ಯಾಸ. ಫಿಜಿಯೋಥೆರಪಿಯವರು ತೋರಿಸಿದಂತೆ ದಿನಾ ಮಾಡಬೇಕು. ಮಣೆಯ ಮೇಲೆ ಟವೆಲ್ ಇಟ್ಟು ಎರಡೂ ಕೈಯಿಂದ ಮುಂದಕ್ಕೆ ಹಿಂದಕ್ಕೆ ಒರೆಸೋದು, ತಟ್ಟೆಯ ಕಡಲೆಕಾಯಿಯನ್ನು ಒಂದೊಂದಾಗಿ ಬಟ್ಟಲಿಗೆ ಹಾಕೋದು, ಖಾಲಿ ಲೋಟ ಹಿಡಿದು ಬಿಡೋದು, ಇವೆಲ್ಲ ಅಭ್ಯಾಸವೇ. ಅಮೆರಿಕದಲ್ಲಿ 222 ಜನರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಲಕ್ವವಾಗಿ 3ರಿಂದ 9 ತಿಂಗಳಾಗಿದ್ದ, ಬೆರಳು ಸ್ವಲ್ಪ ಆಡುತ್ತಿದ್ದ ಜನ ಅವರು. ಅವರಲ್ಲಿ ಒಂದು ಗುಂಪಿನವರ ಒಳ್ಳೆ ಕೈಗೆ ಗವಸು ಹಾಕಿ, 2 ವಾರ ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ವರ್ಷ ಕಳೆದ ಮೇಲೂ ಅವರ ಕೈ ಉಳಿದವರಿಗಿಂತ ಚೆನ್ನಾಗಿತ್ತು. ಇದನ್ನು ಮಾತ್ರ ವೈದ್ಯರನ್ನು ಕೇಳದೆ ಮನೆಯಲ್ಲಿ ಮಾಡಬಾರದು. ಆದರೆ ಆರು ತಿಂಗಳಾಯಿತು, ಇನ್ನೇನೂ ಆಗಲ್ಲ ಅಂತ ಕೈಬಿಡಲೂಬಾರದು.

ಕೊನೆಯದಾಗಿ ಒಂದು ಮಾತು. ಲಕ್ವವಾದ ಸದಸ್ಯರು ಹಾಲಿನ ಹಣ ಪಡೆಯಲು ಬಂದಾಗ, ಸಾಲು ಉದ್ದವಿದೆ ಅಂತ ಅವಸರ ಮಾಡಿ ಹೆಬ್ಬೆಟ್ಟು ಒತ್ತಿಸಬೇಡಿ. ಎರಡು ನಿಮಿಷ ತಡವಾಗಲಿ, ಅಕ್ಷರ ಸೊಟ್ಟಗಾಗಲಿ, ಅವರೇ ಸಹಿ ಮಾಡಲಿ. ಅದೂ ಒಂದು ಚಿಕಿತ್ಸೆಯೇ. ಅಷ್ಟು ಹೊತ್ತು ಕಾಯೋದು ನಮ್ಮ ಸಹಕಾರ.